ಜಾವಾ ಟ್ಯಾಂಕಿನ ಹೊಳಪು: ಉಜ್ಜುವ ಮುನ್ನ ಅದರ ಕತೆ

ಆಯುಧಪೂಜೆ ಹತ್ತಿರ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಹಳೇ ಬೈಕುಗಳಿಗೆ ಅಭ್ಯಂಜನ. ಪೈಪಿನಲ್ಲಿ ನೀರು ಬಿಟ್ಟು ತೊಳೆದ ಮೇಲೆ ಕೈಗೆ ಸಿಕ್ಕಿದ್ದರಲ್ಲಿ ಉಜ್ಜುವುದು: ಹುಣಸೆಹಣ್ಣು, ಬೂದಿ, ಪಾತ್ರೆ ತಿಕ್ಕುವ ನಾರು, ತುಕ್ಕು ಬಿಡದಿದ್ದರೆ ಎಮರಿ ಪೇಪರ್. ಜಾವಾ, ಯೆಜ್ಡಿ ಇಟ್ಟುಕೊಂಡವರ ಮನೆಯಲ್ಲಂತೂ ಈ ಉಜ್ಜಾಟ ಇನ್ನೂ ಜೋರು. ಆದರೆ ಕ್ರೋಮ್ ಹುಟ್ಟಿದ್ದೇ ಈ ಉಜ್ಜಾಟ ತಪ್ಪಿಸಲಿಕ್ಕೆ.

ನೂರು ವರ್ಷದ ಹಿಂದಿನ ಮೋಟಾರ್ ಸೈಕಲ್‌ಗಳಲ್ಲಿ ಕ್ರೋಮ್ ಇರಲಿಲ್ಲ. ಹ್ಯಾಂಡಲ್, ರಿಮ್, ದೀಪದ ಬಳೆ ಎಲ್ಲಕ್ಕೂ ನಿಕ್ಕಲ್ ಲೇಪ. ನಿಕ್ಕಲ್ ನೋಡಲು ಚಂದ, ಸ್ವಲ್ಪ ಹಳದಿ ಛಾಯೆಯ ಬೆಳ್ಳಿಯಂತೆ. ಆದರೆ ತೇವದ ಗಾಳಿಗೆ ಬೇಗ ಮಂಕಾಗುತ್ತದೆ. ನಮ್ಮ ಹಿತ್ತಾಳೆ ಬಿಂದಿಗೆಯ ಪಾಡೇ ಅದರದ್ದೂ. ದಿನಾ ಉಜ್ಜಿದರೆ ಮಾತ್ರ ಮರ್ಯಾದೆ.

ಕ್ರೋಮಿಯಂ ಲೋಹ ಗೊತ್ತಿದ್ದದ್ದು 1790ರ ದಶಕದಿಂದ. ಫ್ರಾನ್ಸಿನ ವಾಕ್ಲಾಂ ಎಂಬ ವಿಜ್ಞಾನಿ ಅದನ್ನು ಬೇರ್ಪಡಿಸಿದ. (ಅದರ ಅದಿರು ಎಲ್ಲೋ ದೂರದ್ದಲ್ಲ, ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲೂ ಇದೆ.) ಆದರೆ ವಿದ್ಯುತ್ ಹರಿಸಿ ಕಬ್ಬಿಣದ ಸಾಮಾನಿನ ಮೇಲೆ ಅದನ್ನು ನಂಬಿಕೆಯಿಂದ ಕೂರಿಸುವ ಕೆಲಸ ಕೈಗೂಡಿದ್ದು 1920ರ ದಶಕದಲ್ಲಿ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಮತ್ತವರ ಜೊತೆಗಾರರಿಂದ. ಆ ದಶಕ ಮುಗಿಯುವಷ್ಟರಲ್ಲಿ ಕಾರು, ಬೈಕುಗಳ ಮೇಲೆ ಕ್ರೋಮ್ ಮಿಂಚತೊಡಗಿತು. ಕಾರಣ ಒಂದೇ: ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಪಾಲಿಶ್ ಬೇಡ.

1929ರಲ್ಲಿ ಪ್ರಾಗ್‌ನಲ್ಲಿ ಜಾವಾ ಕಂಪನಿ ಹುಟ್ಟಿತು. ಯಾನೆಚೆಕ್ ಎಂಬ ಮಾಲೀಕನ ಹೆಸರು, ವಾಂಡರರ್ ಎಂಬ ಜರ್ಮನ್ ಬೈಕಿನ ಹೆಸರು, ಎರಡರ ತಲೆ ಸೇರಿ 'ಜಾವಾ'. ಅದು ಮೈಸೂರಿಗೆ ಬಂದದ್ದು ರುಸ್ತುಂ ಮತ್ತು ಫರೂಕ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆಯಿಂದ. 1961ರಲ್ಲಿ ಅಲ್ಲಿ ಬೈಕು ತಯಾರಿ ಶುರುವಾಯಿತು. 1973ರಿಂದ ಯೆಜ್ಡಿ ಎಂಬ ಹೆಸರು. 1996ರಲ್ಲಿ ಬಾಗಿಲು ಮುಚ್ಚಿತು.

ಆ ಹಳೇ ಜಾವಾದ ಮೆರೂನ್ ಟ್ಯಾಂಕಿನ ಎರಡೂ ಪಕ್ಕಕ್ಕೆ ಕ್ರೋಮ್, ಹಿಂದೆ ಜೋಡಿ ಸೈಲೆನ್ಸರ್‌ಗೂ ಕ್ರೋಮ್. ಊರಿಗೆ ಒಂದೋ ಎರಡೋ ಬೈಕಿದ್ದ ಕಾಲದಲ್ಲಿ ಆ ಟ್ಯಾಂಕಿನಲ್ಲಿ ಮುಖ ನೋಡಿ ಕ್ರಾಪು ತಿದ್ದಿಕೊಂಡ ಹುಡುಗರು ಈಗ ತಾತಂದಿರು.

ಈಗ ವಿಷಯಕ್ಕೆ ಬರೋಣ. ನಾವು ಕ್ರೋಮ್ ಎಂದು ನೋಡುವುದರಲ್ಲಿ ಹೆಚ್ಚಿನ ಹೊಳಪು ನಿಕ್ಕಲ್‌ದೇ. ಕಬ್ಬಿಣದ ಮೇಲೆ ಹಲವು ಕಡೆ ತಾಮ್ರ, ಅದರ ಮೇಲೆ ಹತ್ತಿಪ್ಪತ್ತು ಮೈಕ್ರಾನ್ ನಿಕ್ಕಲ್, ಎಲ್ಲಕ್ಕಿಂತ ಮೇಲೆ ಅರ್ಧ ಮೈಕ್ರಾನ್ ಆಸುಪಾಸು ಕ್ರೋಮ್. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್, ಲೆಕ್ಕ ಹಾಕಿ ನೋಡಿ. ತಲೆಗೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿನಷ್ಟೇ ಅದು. ಗಟ್ಟಿ ಲೋಹ, ಆದರೆ ಪೊರೆ ಅಷ್ಟು ತೆಳು. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಇರುತ್ತವೆ. ನೀರು ಅಲ್ಲಿಂದ ಇಳಿದು, ನಿಕ್ಕಲ್‌ನಲ್ಲೂ ದಾರಿ ಸಿಕ್ಕರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಮೇಲೆ ಕಾಣುವ ಕಂದು ಚುಕ್ಕಿ ಕ್ರೋಮಿನ ತುಕ್ಕಲ್ಲ, ಒಳಗಿನದು. ಎಮರಿ ಪೇಪರ್ ಹಾಕಿ ತಿಕ್ಕಿದರೆ ಚುಕ್ಕಿಯ ಜೊತೆ ಸುತ್ತಲಿನ ಪೊರೆಯೂ ಹೋಗುತ್ತದೆ. ಮುಂದಿನ ಮಳೆಗಾಲಕ್ಕೆ ಚುಕ್ಕಿ ಇದ್ದಲ್ಲಿ ಪಟ್ಟೆ.

ಎಲ್ಲಕ್ಕಿಂತ ಕೆಟ್ಟದ್ದು ಕಕ್ಕಸು ತೊಳೆಯುವ ಆಸಿಡ್. ತುಕ್ಕು ಹೋಯಿತೆಂದು ಖುಷಿಪಡುವವರಿಗೆ ಒಂದು ಮಾತು: ಪ್ಲೇಟಿಂಗ್ ಅಂಗಡಿಯಲ್ಲಿ ಹಳೇ ಕ್ರೋಮ್ ಕಿತ್ತುಹಾಕಲು ಬಳಸುವುದೂ ಅದೇ ಹೈಡ್ರೋಕ್ಲೋರಿಕ್ ಆಸಿಡ್ಡೇ.

ಸಣ್ಣ ಚುಕ್ಕಿಗಳಿಗೆ ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆ ಸಾಕು. ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಬೇಕು. ಅದು ಕ್ರೋಮಿಗಿಂತ ಮೆದು, ಗೀರು ಬೀಳಿಸುವುದಿಲ್ಲ. ಆಮೇಲೆ ಚೆನ್ನಾಗಿ ಒಣಗಿಸಿ ಮೇಣದ ಪಾಲಿಶ್ ಸವರಿದರೆ ಬಿರುಕಿಗೆ ನೀರು ಇಳಿಯುವುದು ಕಡಿಮೆಯಾಗುತ್ತದೆ. ಸೈಲೆನ್ಸರ್ ಪೈಪು ಇಂಜಿನ್ ಹತ್ತಿರ ನೀಲಿ ತಿರುಗಿದ್ದರೆ ಅದು ಕೊಳೆಯಲ್ಲ, ಕಾವಿನ ಬಣ್ಣ.

ಇಂಜಿನ್ನಿನ ಪಕ್ಕದ ಮುಚ್ಚಳಗಳದ್ದು ಬೇರೆ ನ್ಯಾಯ. ಅದು ಕ್ರೋಮ್ ಅಲ್ಲ, ಬಫ್ ಹೊಡೆದ ಅಲ್ಯೂಮಿನಿಯಂ. ಅದಕ್ಕೆ ಪಾಲಿಶ್ ಬೇಕೇ ಬೇಕು. ಆದರೆ ಬೂದಿ ಹಾಕಬೇಡಿ, ಬೂದಿಯ ಕ್ಷಾರ ಅಲ್ಯೂಮಿನಿಯಂ ತಿನ್ನುತ್ತದೆ. ಹಿತ್ತಾಳೆಗೆ ಒಗ್ಗಿದ್ದು ಎಲ್ಲ ಲೋಹಕ್ಕೂ ಒಗ್ಗುವುದಿಲ್ಲ.

"ಹಾಳಾದರೆ ಏನಂತೆ, ಮತ್ತೆ ಪ್ಲೇಟಿಂಗ್ ಮಾಡಿಸೋಣ" ಅನ್ನುವವರಿದ್ದಾರೆ. ಮಾಡಿಸಬಹುದು. ಆದರೆ ಆ ತೊಟ್ಟಿಯಲ್ಲಿ ಇರುವುದು ಸಾಮಾನ್ಯವಾಗಿ ಕ್ರೋಮಿಕ್ ಆಸಿಡ್. ಕರೆಂಟು ಹರಿದಾಗ ಗುಳ್ಳೆ ಎದ್ದು ಅದರ ಮಂಜು ಮೇಲೆ ಬರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದ ಕೆಲಸಗಾರರ ಮೂಗಿನ ಒಳಗೋಡೆ ತೂತಾಗುವುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತು; ಈ ಬಗೆಯ ಕ್ರೋಮಿಯಂನಿಂದ ಶ್ವಾಸಕೋಶದ ಕ್ಯಾನ್ಸರ್ ಬರುವುದೂ ಸಾಬೀತಾಗಿದೆ. ಕಡಿಮೆ ಅಪಾಯದ ಇನ್ನೊಂದು ಬಗೆಯ ಕ್ರೋಮ್ ದ್ರಾವಣ ಈಗ ಬಂದಿದೆ. ಅಂಗಡಿಗೆ ಹೋದಾಗ ಯಾವುದು ಬಳಸುತ್ತೀರಿ, ಕೆಳಗೆ ನಿಕ್ಕಲ್ ಸರಿಯಾಗಿ ಕೊಡುತ್ತೀರಾ, ತೊಟ್ಟಿಯ ನೀರು ಎಲ್ಲಿಗೆ ಬಿಡುತ್ತೀರಿ ಎಂದು ಕೇಳಿ. ತೊಟ್ಟಿಯ ಪಕ್ಕ ನಿಂತ ಹುಡುಗನ ಮುಖಕ್ಕೆ ಮಾಸ್ಕ್ ಇದೆಯಾ ಎಂದೂ ನೋಡಿ.