ರಂಗನತಿಟ್ಟು: ಅರಸನ ಕಟ್ಟೆ, ಹಕ್ಕಿಗಳ ನೆಲೆ

1638ರಲ್ಲಿ ಮೈಸೂರಿನ ಪಟ್ಟವೇರಿ, ಶ್ರೀರಂಗಪಟ್ಟಣವನ್ನು ಮುತ್ತಿದ ಬಿಜಾಪುರದ ರಣದುಲ್ಲಾಖಾನನ ಸೇನೆಯನ್ನು ಹಿಮ್ಮೆಟ್ಟಿಸಿ, ತಮ್ಮ ಹೆಸರಿನ ಹಣವನ್ನು ಟಂಕಿಸಿದ ರಣಧೀರ ಕಂಠೀರವ ನರಸರಾಜ ಒಡೆಯರ ಪರಾಕ್ರಮವನ್ನು ನಮ್ಮ ಜನ ಇಂದಿಗೂ ಕೊಂಡಾಡುವರು. ಆದರೆ 1645ರಿಂದ 1648ರವರೆಗೆ ಆ ಅರಸರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಕಟ್ಟೆಯಿಂದ ಹೊಳೆಯ ನಡುವೆ ರೂಪುಗೊಂಡ ರಂಗನತಿಟ್ಟಿನ ಪುಟ್ಟ ತಿಟ್ಟುಗಳ ಕಥೆಯನ್ನು ಹೇಳುವವರು ವಿರಳ. ಒಡೆಯರ ಚಿತ್ತದಲ್ಲಿದ್ದುದು ನಾಲೆಯ ನೀರು, ಗದ್ದೆಯ ಪೈರು; ಹಕ್ಕಿಗಳು ಆ ಸಂಕಲ್ಪದ ಪರಿಧಿಯೊಳಗೆ ಇದ್ದಿರಲಾರವು. ಆದರೂ ಸುತ್ತಲೂ ನೀರಿರುವುದರಿಂದ ಬೆಕ್ಕು ನರಿಗಳಿಗೆ ಸುಲಭವಾಗಿ ಎಟುಕದ ಆ ನೆಲದಲ್ಲಿ ಹೊಳೆಮತ್ತಿಯೂ ಬಿದಿರೂ ಬೆಳೆದು ನಿಂತವು. ರೆಂಬೆಗಳಲ್ಲಿ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕು, ಹಾವಕ್ಕಿ, ನೀರುಕಾಗೆಗಳು ಗೂಡು ಕಟ್ಟಿದವು. ಕೆಳಗಿನ ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯುತ್ತ ಮಲಗಿದವು.

ಕಟ್ಟೆಗೂ ಹಕ್ಕಿಗಳಿಗೂ ಇರುವ ಈ ಸಂಬಂಧದ ಸೊಗಸು ಇನ್ನೂ ಆಳದಲ್ಲಿದೆ. ನಾಲೆಗಳ ನೀರು ಗದ್ದೆಗಳಿಗೆ ಹರಿದಲ್ಲಿ ಬತ್ತದೊಡನೆ ಬಸವನಹುಳುವೂ ಕಪ್ಪೆಯೂ ಮೀನೂ ಹುಲುಸಾದುವು. ಬಾಯ್ಕಳಕವು ತನ್ನ ಬಾಗಿದ ಕೊಕ್ಕಿನಿಂದ ಹೆಕ್ಕುವ ಆ ಬಸವನಹುಳುವೇ ಅದರ ಮರಿಗಳ ಆಹಾರ. ಹೀಗೆ ಒಕ್ಕಲಿನ ದುಡಿಮೆಯು ತನಗರಿವಿಲ್ಲದೆಯೇ ತಿಟ್ಟಿನ ಗೂಡುಗಳನ್ನು ಪೋಷಿಸುತ್ತ ಬಂದಿತು.

ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಗೆಂದು ಬಂದಿದ್ದ ಸಲೀಂ ಅಲಿಯವರು ಈ ತಿಟ್ಟುಗಳ ಮಹತ್ತ್ವವನ್ನು ಮನಗಂಡು ಅರಮನೆಗೆ ತಿಳಿಸಿದುದರಿಂದ, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಒಡಂಬಡಿಕೆಯ ಜೌಗುನೆಲಗಳ ಪಟ್ಟಿಗೂ ಸೇರಿತು. ಇದೇ ಸೀಮೆಯ ಒಣಭಾಗದಲ್ಲಿಯೂ ಇಂಥ ಆಶ್ರಯಗಳುಂಟು: ಪಾಂಡವಪುರ, ಕೃಷ್ಣರಾಜಪೇಟೆಗಳ ಎಲ್ಲೆಯಲ್ಲಿ, ಚೆಲುವನಾರಾಯಣನ ಕ್ಷೇತ್ರವಾದ ಮೇಲುಕೋಟೆಯ ಸುತ್ತಣ ಕುರುಚಲು ಕಾಡು 1974ರಲ್ಲಿ ತೋಳದ ರಕ್ಷಣೆಗಾಗಿ ವನ್ಯಧಾಮವಾಯಿತು, ನಾಗಮಂಗಲದ ಆದಿಚುಂಚನಗಿರಿಯ ಬಂಡೆಗಳ ನಡುವೆ, ಕಾಲಭೈರವೇಶ್ವರನ ಸನ್ನಿಧಿಯಲ್ಲಿ, ನವಿಲುಗಳು ನಿರ್ಭಯವಾಗಿ ನಲಿಯುತ್ತವೆ. ಅಲ್ಲಿ ದೇವರ ನೆರಳು, ಇಲ್ಲಿ ಅರಸನ ಕಟ್ಟೆ. ಕಾನೂನು ಬಂದುದು ಅವೆರಡರ ಬಳಿಕ.

ಆದರೆ ಮನುಷ್ಯನ ಕೈಯಿಂದ ಹುಟ್ಟಿದ ನೆಲೆ ಮನುಷ್ಯನ ಕೈಯಲ್ಲಿಯೇ ಉಳಿಯಬೇಕಾಗಿದೆ. 1911ರಲ್ಲಿ ಕಟ್ಟಲಾರಂಭಿಸಿದ ಕನ್ನಂಬಾಡಿ ಅಣೆಕಟ್ಟೆಯು ಈ ತಿಟ್ಟುಗಳ ಮೇಲ್ಗಡೆಯಲ್ಲಿದೆ. ಮುಂಗಾರು ಹೆಚ್ಚಿ ಅದರ ಬಾಗಿಲುಗಳನ್ನು ತೆರೆದಾಗ ಹೊಳೆ ಉಕ್ಕಿ ತಗ್ಗಿನ ಗೂಡುಗಳೂ ಮೊಟ್ಟೆಗಳೂ ಕೊಚ್ಚಿಹೋಗುವುದುಂಟು, ತಿಟ್ಟುಗಳ ಅಂಚೂ ಸವೆಯುವುದುಂಟು. ನೀರನ್ನು ಅಳೆದು ಬಿಡುವವರು ಪೈರಿನ ಬಾಯಾರಿಕೆಯೊಡನೆ ಗೂಡಿನ ಎತ್ತರವನ್ನೂ ನೆನೆಯಬೇಕು. ಕಂಠೀರವರು ಬಯಸದೆಯೇ ಮಾಡಿದ ಉಪಕಾರವನ್ನು ನಾವು ಅರಿತು ಮಾಡತಕ್ಕುದು. ಅವರ ಕಟ್ಟೆಯ ಋಣವನ್ನು ನಾವು ತೀರಿಸಬಹುದಾದ ಬಗೆ ಅದೊಂದೇ.