ಕಾಡಿನ ಲೆಕ್ಕ: ಕನ್ನಡ ನಾಡಿನಲ್ಲಿ ವನ್ಯಜೀವಿ ದಾಖಲೆ ನಡೆದುಬಂದ ದಾರಿ

ಒಂದು ನಾಡಿನ ಕಾಡು, ಕೆರೆ, ಬಯಲುಗಳಲ್ಲಿ ಯಾವ ಪ್ರಾಣಿಪಕ್ಷಿಗಳಿವೆ, ಅವು ಎಷ್ಟಿವೆ, ಯಾವ ಕಾಲದಲ್ಲಿ ಎಲ್ಲಿ ಕಾಣಸಿಗುತ್ತವೆ ಎಂಬುದನ್ನು ಬರೆದಿಡುವುದಕ್ಕೆ ವನ್ಯಜೀವಿ ದಾಖಲೆ ಎಂದು ಹೆಸರಿಟ್ಟರೆ, ಕನ್ನಡ ನಾಡಿನಲ್ಲಿ ಅದಕ್ಕೆ ಒಂಬತ್ತು ಶತಮಾನಗಳಷ್ಟು ಹಿಂದಿನ ಬೇರು ಸಿಗುತ್ತದೆ. ಅರಸನ ವಿನೋದಕ್ಕಾಗಿ ಬರೆದದ್ದು, ಬೇಟೆಗಾರನ ಕೀರ್ತಿಗಾಗಿ ಬರೆದದ್ದು, ಸಂಗ್ರಹಾಲಯದ ಕಪಾಟಿಗಾಗಿ ಬರೆದದ್ದು, ಇಲಾಖೆಯ ಕಡತಕ್ಕಾಗಿ ಬರೆದದ್ದು, ಕೊನೆಗೆ ಯಾರು ಬೇಕಾದರೂ ತೆರೆದು ನೋಡುವಂತೆ ಅಂತರ್ಜಾಲದಲ್ಲಿ ಬರೆಯುತ್ತಿರುವುದು, ಇವೆಲ್ಲ ಆ ದಾಖಲೆಯ ಬೇರೆಬೇರೆ ರೂಪಗಳು. ಲೆಕ್ಕ ಬರೆಯುವವರು ಬದಲಾದಾಗಲೆಲ್ಲ ಲೆಕ್ಕಕ್ಕೆ ಬರುವ ಜೀವಿಗಳೂ ಬದಲಾದವು. ಲೆಕ್ಕಕ್ಕೇ ಬಾರದ ಜೀವಿಗಳು ಕಣ್ಮರೆಯಾದರೂ ಅದು ಯಾರ ಗಮನಕ್ಕೂ ಬರಲಿಲ್ಲ ಎಂಬುದು ಈ ಇತಿಹಾಸದಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’, ಅಂದರೆ ‘ಅಭಿಲಷಿತಾರ್ಥ ಚಿಂತಾಮಣಿ’, ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಭಾಗಗಳಲ್ಲಿ ಅರಸನಾದವನು ತಿಳಿದಿರಬೇಕಾದ ಎಲ್ಲವನ್ನೂ ಹೇಳಹೊರಟ ವಿಶ್ವಕೋಶ. ಅದರಲ್ಲಿ ಆನೆಗಳ ಲಕ್ಷಣ, ಗಿಡುಗವನ್ನು ಪಳಗಿಸಿ ಬೇಟೆಯಾಡುವ ಕ್ರಮ, ಜಿಂಕೆಯ ಬೇಟೆ ಇವುಗಳ ಜೊತೆಗೆ ಮತ್ಸ್ಯವಿನೋದ ಎಂಬ ಭಾಗವೂ ಇದ್ದು, ಅಲ್ಲಿ ಸುಮಾರು 35 ಬಗೆಯ ಮೀನುಗಳನ್ನು ಹುರುಪೆ ಉಳ್ಳವು, ಇಲ್ಲದವು, ಹೊಳೆಯವು, ಕಡಲಿನವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ ಒಡ್ಡಬೇಕೆಂಬುದನ್ನೂ ಹೇಳಲಾಗಿದೆ. ದೀರ್ಘಕಾಲದ ನೋಟವಿಲ್ಲದೆ, ಬೆಸ್ತರ ಮತ್ತು ಬೇಡರ ಅನುಭವವನ್ನು ಕೇಳಿ ತಿಳಿಯದೆ ಇಂಥ ವಿವರ ಹುಟ್ಟುವುದಿಲ್ಲ. ಆದರೂ ಅರಸನ ಗಾಳಕ್ಕೆ, ಬಾಣಕ್ಕೆ ಅಥವಾ ಸೇನೆಗೆ ಒದಗಿಬರುವ ಜೀವಿಗಳಿಗಷ್ಟೇ ಆ ಗ್ರಂಥದಲ್ಲಿ ವಿಸ್ತಾರವಾದ ಜಾಗ ದೊರೆಯಿತು.

19ನೆಯ ಶತಮಾನದಲ್ಲಿ ಈ ವಿದ್ಯೆ ವಸಾಹತು ಅಧಿಕಾರಿಗಳ ಕೈಗೆ ಬಂದಿತು. ಮದರಾಸು ಸೇನೆಯ ವೈದ್ಯನಾಗಿದ್ದ ಟಿ. ಸಿ. ಜೆರ್ಡನ್ 1862ರಿಂದ 1864ರವರೆಗೆ ಪ್ರಕಟಿಸಿದ ‘ದಿ ಬರ್ಡ್ಸ್ ಆಫ್ ಇಂಡಿಯಾ’ ಭಾರತದ ಹಕ್ಕಿಗಳನ್ನು ಒಂದೇ ಕಡೆ ಕ್ರಮವಾಗಿ ವರ್ಣಿಸಿದ ಮೊದಲ ಕೃತಿಗಳಲ್ಲಿ ಒಂದು. ಮೈಸೂರು ಸೀಮೆಯ ನಾಲೆಗಳ ಅಧಿಕಾರಿಯಾಗಿದ್ದು ಆಮೇಲೆ ಆನೆ ಹಿಡಿಯುವ ಕೆಲಸಕ್ಕೆ ತೊಡಗಿದ ಜಿ. ಪಿ. ಸ್ಯಾಂಡರ್ಸನ್, 1870ರ ದಶಕದಲ್ಲಿ ಇಲ್ಲಿ ಖೆಡ್ಡಾ ಪದ್ಧತಿಯನ್ನು ನೆಲೆಗೊಳಿಸಿದನು. ಕಾಡಾನೆಗಳ ಹಿಂಡನ್ನು ಸದ್ದು ಮತ್ತು ಬೆಂಕಿಯಿಂದ ಬೆದರಿಸಿ, ಮರದ ದಿಮ್ಮಿಗಳ ಆವರಣದೊಳಗೆ ಅಟ್ಟಿ ಸೆರೆಹಿಡಿಯುವ ಈ ಪದ್ಧತಿ ಕಾಕನಕೋಟೆಯಲ್ಲಿ 1971ರವರೆಗೂ ನಡೆಯಿತು. ಅವನು 1878ರಲ್ಲಿ ಪ್ರಕಟಿಸಿದ ನೆನಪಿನ ಪುಸ್ತಕದಲ್ಲಿ ಆನೆಯ ನಡವಳಿಕೆಯ ಬಗೆಗಿನ ನೋಟ ಸೂಕ್ಷ್ಮವಾಗಿದೆ. ಆದರೆ ಹುಲಿ, ಚಿರತೆಗಳನ್ನು ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿದ್ದ ಆ ಕಾಲದಲ್ಲಿ ಲೆಕ್ಕದ ಪುಸ್ತಕಕ್ಕೆ ಏರುತ್ತಿದ್ದುದು ಸತ್ತ ಅಥವಾ ಸೆರೆಸಿಕ್ಕ ಪ್ರಾಣಿ. ಎಷ್ಟು ಹುಲಿ ಹೊಡೆಯಲಾಯಿತು ಎಂಬುದಕ್ಕೆ ಅಂಕಿಯಿದೆ, ಎಷ್ಟು ಉಳಿದವು ಎಂಬುದಕ್ಕಿಲ್ಲ.

ಬೇಟೆಯ ಲೆಕ್ಕದಿಂದ ವಿಜ್ಞಾನದ ಲೆಕ್ಕಕ್ಕೆ ಸೇತುವೆಯಾದದ್ದು 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಮತ್ತು 1886ರಿಂದ ಅದು ಹೊರತಂದ ನಿಯತಕಾಲಿಕ. ತೋಟದ ಮಾಲೀಕರು, ಅರಣ್ಯಾಧಿಕಾರಿಗಳು, ಸೈನಿಕರು ತಾವು ಕಂಡದ್ದನ್ನು ಸಣ್ಣ ಟಿಪ್ಪಣಿಗಳಾಗಿ ಬರೆದು ಕಳುಹಿಸಲು ಅದರಲ್ಲಿ ಅವಕಾಶವಿತ್ತು. ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿ ಕಾಫಿ ತೋಟದ ಆರ್. ಸಿ. ಮಾರಿಸ್ ಕಾಡೆಮ್ಮೆ, ಆನೆ ಮೊದಲಾದವುಗಳ ಬಗ್ಗೆ ಹೀಗೆ ಬಹುಕಾಲ ಬರೆದವನು. ಇದೇ ಸೊಸೈಟಿ 1911ರಲ್ಲಿ ಆರಂಭಿಸಿದ ಸಸ್ತನಿ ಸಮೀಕ್ಷೆಯ ಸಂಗ್ರಾಹಕರು ಧಾರವಾಡ, ಉತ್ತರ ಕನ್ನಡ, ಕೊಡಗು, ಮೈಸೂರುಗಳಲ್ಲಿ ಅಡ್ಡಾಡಿ, ಇಲಿ, ಬಾವಲಿ, ಅಳಿಲುಗಳಂಥ ಬೇಟೆಗಾರರು ಕಣ್ಣೆತ್ತಿ ನೋಡದ ಪ್ರಾಣಿಗಳ ಮಾದರಿಗಳನ್ನು, ಎಂದರೆ ಅಧ್ಯಯನಕ್ಕಾಗಿ ಕೊಂದು ಹದಮಾಡಿದ ತೊಗಲು ಮತ್ತು ತಲೆಬುರುಡೆಗಳನ್ನು, ಊರು ಮತ್ತು ತಾರೀಖಿನ ಚೀಟಿಯೊಡನೆ ಶೇಖರಿಸಿದರು. ಯಾವ ಜೀವಿ ಎಲ್ಲಿ, ಎಂದು ಎಂಬ ಎರಡು ವಿವರಗಳನ್ನು ಬಿಡದೆ ಬರೆಯುವ ಶಿಸ್ತು ಇಲ್ಲಿಂದ ಬೇರೂರಿತು. ಆದರೆ ಹೆಜ್ಜೆಯ ಜಾಡು ಹಿಡಿದು ಇವರನ್ನೆಲ್ಲ ಕಾಡಿನೊಳಗೆ ನಡೆಸಿದ ಸೋಲಿಗರು, ಕುರುಬರಂಥ ಕಾಡಿನ ಬುಡಕಟ್ಟು ಜನರ ಹೆಸರುಗಳು ಬಹುಮಟ್ಟಿಗೆ ಆ ಚೀಟಿಗಳ ಮೇಲೆ ಬರಲಿಲ್ಲ.

ದಾಖಲೆಯೊಂದು ನೇರವಾಗಿ ರಕ್ಷಣೆಗೆ ದಾರಿ ಮಾಡಿಕೊಟ್ಟ ಉದಾಹರಣೆ ರಂಗನತಿಟ್ಟಿನದು. 17ನೆಯ ಶತಮಾನದ ನಡುಭಾಗದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ನದಿಯ ನಡುವೆ ತಿಟ್ಟುಗಳು, ಅಂದರೆ ಸಣ್ಣ ನಡುಗಡ್ಡೆಗಳು, ಉಂಟಾಗಿ ನೀರುಹಕ್ಕಿಗಳ ತಂಗುದಾಣವಾಗಿದ್ದವು. 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಪಕ್ಷಿವಿಜ್ಞಾನಿ ಸಲೀಂ ಅಲಿ ಈ ತಿಟ್ಟುಗಳ ಮಹತ್ವವನ್ನು ಗುರುತಿಸಿ ಸಂಸ್ಥಾನಕ್ಕೆ ಮನವರಿಕೆ ಮಾಡಿಕೊಟ್ಟದ್ದರಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. ಒಂದು ಚದರ ಕಿಲೋಮೀಟರಿಗೂ ಕಡಿಮೆ ವಿಸ್ತಾರದ ಈ ತಾಣ, 2022ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ಪಟ್ಟಿಗೆ, ಸೇರಿದ ಕರ್ನಾಟಕದ ಮೊದಲ ತಾಣವೆನಿಸಿತು.

ಎಲ್ಲ ಲೆಕ್ಕವೂ ಇಷ್ಟು ನೇರ ಫಲ ಕೊಡಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಬಂಡೀಪುರವನ್ನೂ ಒಳಗೊಂಡು 1973ರಲ್ಲಿ ಆರಂಭವಾದ ಹುಲಿ ಯೋಜನೆಯ ಕಾಲದಲ್ಲಿ ದೇಶದ ಹುಲಿಗಳನ್ನು ಎಣಿಸಿದ್ದು ಹೆಜ್ಜೆಗುರುತಿನ ವಿಧಾನದಿಂದ. ನೆಲದ ಮೇಲೆ ಮೂಡಿದ ಪಂಜದ ಅಚ್ಚನ್ನು ಗಾಜಿನ ಮೂಲಕ ಕಾಗದಕ್ಕೆ ಇಳಿಸಿಕೊಂಡು, ಅಚ್ಚಿನ ಆಕಾರದಿಂದ ಒಂದೊಂದು ಹುಲಿಯನ್ನೂ ಬೇರೆಯಾಗಿ ಗುರುತಿಸಬಹುದೆಂಬ ನಂಬಿಕೆ ಅದರ ತಳಹದಿ. 1972ರಲ್ಲಿ ದೇಶದಲ್ಲಿದ್ದ ಹುಲಿಗಳು 1827 ಎಂಬ ಅಂಕಿ ಬಂದದ್ದು ಹೀಗೆಯೇ. ಮಣ್ಣು ಮೆತ್ತಗಿದ್ದರೆ ಹೆಜ್ಜೆ ಅಗಲವಾಗಿ ಕಾಣುತ್ತದೆ, ಒಂದೇ ಹುಲಿಯ ಅಚ್ಚು ಎರಡು ಕಡೆ ಎರಡು ಬಗೆಯಾಗಿರಬಹುದು ಎಂಬ ಆಕ್ಷೇಪಗಳನ್ನು ಮುಂದಿಟ್ಟ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತ ಅವರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಬೇರೆ ದಾರಿ ಹಿಡಿದರು. ಪ್ರಾಣಿ ಎದುರಿಗೆ ಹಾದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳನ್ನು ಕಾಡಿನ ಹಾದಿಗಳಲ್ಲಿ ಕಟ್ಟಿ, ಮನುಷ್ಯರ ಬೆರಳಚ್ಚಿನಂತೆ ಒಂದಕ್ಕೊಂದು ಬೇರೆಯಾದ ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿ, ಕಂಡ ಹುಲಿ ಮತ್ತೆ ಎಷ್ಟು ಸಲ ಕಂಡಿತು ಎಂಬುದರಿಂದ ಕಾಣದ ಹುಲಿಗಳನ್ನೂ ಅಂದಾಜು ಮಾಡುವ ಆ ವಿಧಾನವನ್ನು ಅವರು 1995ರಲ್ಲಿ ಪ್ರಕಟಿಸಿದರು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಉಳಿದಿದ್ದ ಹುಲಿಗಳು ಕಾಡಿನಲ್ಲಿ ಇಲ್ಲವೇ ಇಲ್ಲವೆಂಬುದು 2005ರಲ್ಲಿ ಬಯಲಾದ ಮೇಲೆ, ಹೆಜ್ಜೆಗುರುತಿನ ಎಣಿಕೆಯನ್ನು ದೇಶಮಟ್ಟದಲ್ಲಿ ಕೈಬಿಡಲಾಯಿತು. ತಪ್ಪು ಲೆಕ್ಕವು ಲೆಕ್ಕವಿಲ್ಲದಿರುವುದಕ್ಕಿಂತಲೂ ಅಪಾಯಕಾರಿ, ಏಕೆಂದರೆ ಅದು ಕಾಯುವವರ ಎಚ್ಚರವನ್ನೇ ಮಲಗಿಸುತ್ತದೆ.

ಇಲಾಖೆ ಮತ್ತು ಪ್ರಯೋಗಾಲಯಗಳ ಹೊರಗೆ ಹವ್ಯಾಸಿಗಳ ದಾಖಲೆಯೊಂದು ಇದರ ಜೊತೆಜೊತೆಗೇ ಬೆಳೆಯುತ್ತಿತ್ತು. ಜಾಫರ್ ಫತೇಹಳ್ಳಿ 1960ರ ಸುಮಾರಿಗೆ ಸರಳ ಪ್ರತಿಗಳಲ್ಲಿ ಆರಂಭಿಸಿದ ಪಕ್ಷಿವೀಕ್ಷಕರ ಪತ್ರಿಕೆ ಮುಂದೆ ಬೆಂಗಳೂರನ್ನೇ ನೆಲೆ ಮಾಡಿಕೊಂಡಿತು. ಬೆಂಗಳೂರಿನ ಪಕ್ಷಿವೀಕ್ಷಕರು ದಶಕಗಳ ಕಾಲ ಜೇಬುಪುಸ್ತಕಗಳಲ್ಲಿ ಬರೆದಿಟ್ಟದ್ದು ಜೋಸೆಫ್ ಜಾರ್ಜ್ ಅವರ ಸಂಪಾದಕತ್ವದಲ್ಲಿ 1994ರಲ್ಲಿ ನಗರದ ಹಕ್ಕಿಗಳ ಟಿಪ್ಪಣಿಸಹಿತ ಪಟ್ಟಿಯಾಗಿ ಹೊರಬಂದಿತು. 1987ರಿಂದ ಏಷ್ಯಾದಾದ್ಯಂತ ಪ್ರತಿ ಜನವರಿಯಲ್ಲಿ ನಡೆಯುತ್ತಿರುವ ನೀರುಹಕ್ಕಿಗಳ ಗಣತಿಯೂ ಇಂಥ ಹವ್ಯಾಸಿಗಳ ದುಡಿಮೆಯನ್ನೇ ನೆಚ್ಚಿದೆ. ಇವರ ಬರವಣಿಗೆ ಬಹುಪಾಲು ಇಂಗ್ಲಿಷಿನಲ್ಲಿದ್ದುದರಿಂದ ಅದನ್ನು ಕನ್ನಡ ಓದುಗರಿಗೆ ಮುಟ್ಟಿಸುವ ಕೆಲಸವನ್ನು ಸಾಹಿತಿಗಳು ವಹಿಸಿಕೊಂಡರು. ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳಲ್ಲಿ ಜೀವಜಗತ್ತಿಗೆ ಕನ್ನಡದ ಮಾತು ಹುಡುಕಿದರೆ, ಪೂರ್ಣಚಂದ್ರ ತೇಜಸ್ವಿಯವರು ‘ಕನ್ನಡ ನಾಡಿನ ಹಕ್ಕಿಗಳು’ ಮತ್ತು ‘ಪರಿಸರದ ಕತೆ’ಯ ಮೂಲಕ, ಮನೆಯ ಹಿತ್ತಲಿನಲ್ಲಿ ಕಾಣುವ ಹಕ್ಕಿಯೂ ಗಂಭೀರ ಅಧ್ಯಯನಕ್ಕೆ ಯೋಗ್ಯವೆಂಬ ನಂಬಿಕೆಯನ್ನು ಒಂದಿಡೀ ತಲೆಮಾರಿನಲ್ಲಿ ಬಿತ್ತಿದರು.

ದಾಖಲೆಗೂ ರಕ್ಷಣೆಗೂ ನಡುವೆ ಊರೊಂದು ನಿಂತಿರಬೇಕಾಗುತ್ತದೆ ಎಂಬುದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಸಾಕ್ಷಿ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು 1976ರಲ್ಲಿ ಹೊರಜಗತ್ತಿನ ಗಮನಕ್ಕೆ ತರುವ ಎಷ್ಟೋ ಮೊದಲಿನಿಂದಲೂ ಆ ಊರಿನ ಹುಣಿಸೆ ಮತ್ತಿತರ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತಿದ್ದವು. ಹಕ್ಕಿಗಳು ಬರುವುದು ಊರಿಗೆ ಶುಭವೆಂಬ ನಂಬಿಕೆ ಮತ್ತು ಮರದ ಕೆಳಗೆ ಬೀಳುವ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆಂಬ ಲಾಭ ಎರಡೂ ಸೇರಿ ಅವುಗಳನ್ನು ಕಾಪಾಡಿದ್ದವು. ಗೂಡಿರುವ ಮರದ ಹುಣಿಸೆಹಣ್ಣು ಕೈತಪ್ಪುವ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. 1990ರ ದಶಕದಲ್ಲಿ ಗ್ರಾಮಸ್ಥರೇ ಕಟ್ಟಿಕೊಂಡ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳನ್ನು ಸಾಕುವ ಕೆಲಸವನ್ನು ಹೊತ್ತುಕೊಂಡಿತು. 2007ರಲ್ಲಿ ಈ ಊರು ಸಮುದಾಯ ಮೀಸಲು, ಅಂದರೆ ಜನರು ತಮ್ಮ ನೆಲದಲ್ಲಿದ್ದುಕೊಂಡೇ ವನ್ಯಜೀವಿಗಳನ್ನು ಕಾಯುವ ಕಾನೂನುಬದ್ಧ ತಾಣವಾಯಿತು.

ಜನರ ತಿಳಿವಳಿಕೆಯನ್ನು ದಾಖಲೆಯ ಕೇಂದ್ರಕ್ಕೇ ತರುವ ಯೋಚನೆಯೂ ಬೆಂಗಳೂರಿನಲ್ಲಿ ರೂಪುಗೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಗಳ ಕೇಂದ್ರವನ್ನು ಕಟ್ಟಿದ ಮಾಧವ ಗಾಡ್ಗೀಳ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಪ್ರಯೋಗಿಸಿದ ಜನತಾ ಜೀವವೈವಿಧ್ಯ ದಾಖಲಾತಿಯು, ಊರಿನ ಗಿಡಮರ, ಪ್ರಾಣಿಪಕ್ಷಿ, ಬೆಳೆತಳಿ ಹಾಗೂ ಅವುಗಳ ಉಪಯೋಗಗಳನ್ನು ಊರಿನವರ ಬಾಯಿಂದಲೇ ಕೇಳಿ ಬರೆಯುವ ವಹಿ. 2002ರ ಜೀವವೈವಿಧ್ಯ ಕಾಯ್ದೆ ಮತ್ತು 2004ರ ನಿಯಮಗಳು ಪ್ರತಿ ಸ್ಥಳೀಯ ಸಂಸ್ಥೆಯ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಇಂಥ ವಹಿಯನ್ನು ಸಿದ್ಧಪಡಿಸಬೇಕೆಂದು ವಿಧಿಸಿದವು. ಊರಿನ ತಿಳಿವಳಿಕೆಗೆ ಕಾನೂನಿನ ಮನ್ನಣೆ ದೊರೆತದ್ದು ದೊಡ್ಡ ಹೆಜ್ಜೆಯಾದರೂ, ವರ್ಷವರ್ಷವೂ ತಿದ್ದಿ ಬೆಳೆಸದೆ ಒಮ್ಮೆ ಬರೆದು ಬೀರುವಿನಲ್ಲಿಟ್ಟ ವಹಿ ಬೇಗನೆ ಹಳತಾಗುತ್ತದೆ.

ಅಂತರ್ಜಾಲದ ಭಂಡಾರಗಳು ಈ ಕೊರತೆಗೆ ಒದಗಿದ ಉತ್ತರಗಳಲ್ಲಿ ಒಂದು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಿಂದ 2007ರಲ್ಲಿ ಆರಂಭವಾದ ಮೈಗ್ರೆಂಟ್‌ವಾಚ್, ವಲಸೆ ಹಕ್ಕಿಗಳು ಯಾವ ಊರಿಗೆ ಎಂದು ಬಂದವು, ಎಂದು ಹೋದವು ಎಂಬುದನ್ನು ಜನರಿಂದ ಸಂಗ್ರಹಿಸಿತು. 2008ರಲ್ಲಿ ತೆರೆದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಜೀವಿಗಳ ಚಿತ್ರ, ವಿವರ, ನಕ್ಷೆಗಳನ್ನು ಒಂದೆಡೆ ಸೇರಿಸಿತು. ಅದೇ ವರ್ಷ ಅಮೆರಿಕದಲ್ಲಿ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಐನ್ಯಾಚುರಲಿಸ್ಟ್‌ನಲ್ಲಿ ಚಿಟ್ಟೆ, ಜೇಡ, ಹುಲ್ಲು, ಯಾವುದರ ಚಿತ್ರ ಹಾಕಿದರೂ ಗುರುತಿಸಿ ಹೇಳಬಲ್ಲವರು ನೆರವಾಗುತ್ತಾರೆ. ಜೆರ್ಡನ್‌ನ ಗ್ರಂಥವೂ ಬಾಂಬೆ ಸೊಸೈಟಿಯ ಹಳೆಯ ಸಂಪುಟಗಳೂ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಇಂದು ಯಾರಿಗಾದರೂ ಉಚಿತವಾಗಿ ಸಿಗುತ್ತವೆ.

ಇವುಗಳಲ್ಲಿ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ 2002ರಲ್ಲಿ ಆರಂಭಿಸಿದ ಈಬರ್ಡ್, ದಾಖಲೆಯ ಸ್ವರೂಪವನ್ನೇ ಬದಲಿಸಿತು. ಅದು ಕೇಳುವುದು ಪೂರ್ಣ ಪಟ್ಟಿಯನ್ನು: ಇಂತಿಷ್ಟು ಹೊತ್ತಿನಲ್ಲಿ ಗುರುತಿಸಲಾದ ಎಲ್ಲ ಹಕ್ಕಿಗಳನ್ನೂ, ಕಾಗೆ, ಗೊರವಂಕಗಳನ್ನೂ ಬಿಡದೆ, ಬರೆಯಬೇಕು. ಕಂಡದ್ದೆಲ್ಲವನ್ನೂ ಬರೆದಾಗ ಮಾತ್ರ ಪಟ್ಟಿಯಲ್ಲಿ ಇಲ್ಲದ ಹೆಸರಿಗೂ ಅರ್ಥ ಬರುತ್ತದೆ. ನೂರು ಪಟ್ಟಿಗಳಲ್ಲಿ ಎಪ್ಪತ್ತರಲ್ಲಿದ್ದ ಹಕ್ಕಿ ಹತ್ತು ವರ್ಷಗಳ ಬಳಿಕ ಮೂವತ್ತರಲ್ಲಷ್ಟೇ ಇದ್ದರೆ ಅದು ಕುಸಿಯುತ್ತಿದೆ ಎಂದು ತಿಳಿಯುತ್ತದೆ. ಈ ತತ್ತ್ವದ ಮೇಲೆ 2023ರಲ್ಲಿ ಸಿದ್ಧವಾದ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ, 30 ಸಾವಿರಕ್ಕೂ ಹೆಚ್ಚು ವೀಕ್ಷಕರ ಸುಮಾರು 3 ಕೋಟಿ ದಾಖಲೆಗಳನ್ನು ಆಧರಿಸಿ 942 ಜಾತಿಗಳನ್ನು ಪರಿಶೀಲಿಸಿತು. ದೀರ್ಘಕಾಲದ ಏರಿಳಿತ ಲೆಕ್ಕಹಾಕಲು ಸಾಧ್ಯವಾದ 338 ಜಾತಿಗಳಲ್ಲಿ 204 ಇಳಿಮುಖವಾಗಿವೆ ಎಂಬುದು ಅದರ ಫಲಿತಾಂಶ. ಇದೇ ಹೆಸರಿನ 2020ರ ವರದಿಯು, ಎಲ್ಲೆಡೆ ಅಳಿಯುತ್ತಿದೆಯೆಂದು ಜನಜನಿತವಾಗಿದ್ದ ಗುಬ್ಬಚ್ಚಿ ದೇಶದಲ್ಲಿ ಒಟ್ಟಾರೆ ಸ್ಥಿರವಾಗಿದ್ದು ಬೆಂಗಳೂರಿನಂಥ ಮಹಾನಗರಗಳಲ್ಲಿ ಕಡಿಮೆಯಾಗಿದೆ ಎಂದು ತೋರಿಸಿಕೊಟ್ಟಿತ್ತು.

ಈ ಭಂಡಾರಗಳಿಗೂ ಮಿತಿಗಳಿವೆ. ವೀಕ್ಷಕರು ಹೆಚ್ಚಿರುವ ಬೆಂಗಳೂರು, ಮೈಸೂರುಗಳಿಂದ ದಾಖಲೆ ತುಂಬಿ ಬರುವಾಗ, ಎರೆಯ ಬಯಲಿನ ಎಷ್ಟೋ ತಾಲ್ಲೂಕುಗಳು ನಕ್ಷೆಯಲ್ಲಿ ಖಾಲಿಯಾಗಿ ಕಾಣುತ್ತವೆ. ನಿಖರವಾದ ಸ್ಥಳ ಬಯಲಾದರೆ ಕಳ್ಳಬೇಟೆಗಾರರಿಗೂ ಅದೇ ದಾರಿ ತೋರಿಸೀತೆಂದು ಐನ್ಯಾಚುರಲಿಸ್ಟ್, ಈಬರ್ಡ್‌ಗಳು ಅಪಾಯದಲ್ಲಿರುವ ಜೀವಿಗಳ ತಾಣವನ್ನು ಮರೆಮಾಡುತ್ತವೆ. ಇವೆರಡಕ್ಕಿಂತ ಹಳೆಯ ಕೊರತೆ ಭಾಷೆಯದು. ಹೆಜ್ಜಾರ್ಲೆ, ದಾಸಮಂಗಟ್ಟೆ, ಕೆನ್ನಾಯಿ, ಕಾಡುಪಾಪ, ಚಿಪ್ಪುಹಂದಿ ಎಂಬ ಹೆಸರುಗಳನ್ನಿಟ್ಟ ಜನರು ಆ ಜೀವಿಗಳ ಬಣ್ಣ, ಗಾತ್ರ, ನಡವಳಿಕೆಗಳನ್ನು ಎಂದೋ ಗಮನಿಸಿದ್ದರು; ಒಂದೊಂದು ಹೆಸರೂ ಒಂದು ಪುಟ್ಟ ದಾಖಲೆ. ಮಾನಸೋಲ್ಲಾಸದ ಬೆಸ್ತರಾಗಲಿ, ಸಸ್ತನಿ ಸಮೀಕ್ಷೆಯ ಸೋಲಿಗರಾಗಲಿ ತಿಳಿದದ್ದನ್ನು ಹೇಳಿದರು, ಬರೆದವರು ಬೇರೆಯವರು. ಪೂರ್ಣ ಪಟ್ಟಿ ಎಂಬ ಮಾತಿಗೆ ಪೂರ್ಣವಾದ ಅರ್ಥ ಬರಬೇಕಾದರೆ, ಜೀವಿಗಳ ಪಟ್ಟಿಯಲ್ಲಿ ಕಾಗೆಯೂ ಸೇರುವಂತೆ, ಬರೆಯುವವರ ಪಟ್ಟಿಯಲ್ಲಿ ಇವರೂ ಸೇರಬೇಕಾಗುತ್ತದೆ.