ದೂರದರ್ಶನದ ಹೊರಾಂಗಣ ಆಂಟೆನಾ: ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ

ಪ್ರಸಾರ ಕೇಂದ್ರದಿಂದ ಹೊರಡುವ ವಿದ್ಯುತ್ಕಾಂತ ತರಂಗಗಳನ್ನು ಹಿಡಿದು ಮನೆಯೊಳಗಿನ ಟಿ.ವಿ.ಗೆ ಮುಟ್ಟಿಸುವುದಕ್ಕಾಗಿ ಮಾಡಿನ ಮೇಲಾಗಲಿ ಅಂಗಳದ ಕಂಬದ ತುದಿಯಲ್ಲಾಗಲಿ ನಿಲ್ಲಿಸುವ ಲೋಹದ ಸಾಧನ. ಬಯಲುಸೀಮೆಯಲ್ಲಿ ಇದರ ಸ್ಥಾಪನೆ ಅಲ್ಪಶ್ರಮದ ಕಾರ್ಯ. ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಗುಡ್ಡ ಕಣಿವೆಗಳೂ ಅರಣ್ಯವೂ ತರಂಗಗಳ ದಾರಿಗೆ ಅಡ್ಡವಾಗುವುದರಿಂದ, ಇಲ್ಲಿ ಇದರ ಚರಿತ್ರೆಯನ್ನು ನಿರ್ಣಯಿಸಿದುದು ಯಂತ್ರಕ್ಕಿಂತ ಮಿಗಿಲಾಗಿ ಭೂಲಕ್ಷಣವೇ ಎನ್ನಬೇಕು.

ಉಗಮ: ಮೀನಿನ ಮುಳ್ಳಿನಂತೆ ತೋರುವ ಈ ಆಂಟೆನಾವನ್ನು ಜಪಾನಿನ ಸೆಂಡೈ ನಗರದ ತೊಹೊಕು ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉಡಾ ಮತ್ತು ಹಿಡೆತ್ಸುಗು ಯಾಗಿ ಎಂಬ ವಿದ್ವಾಂಸರು 1926ರಲ್ಲಿ ಲೋಕಕ್ಕೆ ಪರಿಚಯಿಸಿದರು. ಭಾರತದಲ್ಲಿ ದೂರದರ್ಶನ ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 1975-76ರ ಉಪಗ್ರಹ ಶಿಕ್ಷಣ ಪ್ರಯೋಗದ ಕಾಲಕ್ಕೆ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಸುಮಾರು 3 ಮೀಟರ್ ವ್ಯಾಸದ ತಂತಿಬಲೆಯ ಬೋಗುಣಿಗಳು ನಿಂತವಾದರೂ, ಸಾಮಾನ್ಯ ಗೃಹಸ್ಥನ ಮಾಡನ್ನು ಆಂಟೆನಾ ಏರಿದುದು 1981ರಲ್ಲಿ ಬೆಂಗಳೂರು ಕೇಂದ್ರ ಆರಂಭವಾಗಿ, 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೂ ವರ್ಣ ಪ್ರಸಾರವೂ ತೊಡಗಿ, 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಕಕ್ಷೆಗೇರಿದ ಮೇಲೆ ದೇಶದಾದ್ಯಂತ 100 ವಾಟ್ ಶಕ್ತಿಯ ಮರುಪ್ರಸಾರ ಕೇಂದ್ರಗಳು ತಲೆಯೆತ್ತಿದ ಕಾಲದಲ್ಲಿ. 1987ರ ಜನವರಿ 25ರಂದು ಮೊದಲಾದ ರಾಮಾಯಣ ಧಾರಾವಾಹಿಯು ಆಂಟೆನಾದ ಬೇಡಿಕೆಯನ್ನು ಹಳ್ಳಿಹಳ್ಳಿಗೂ ಹಬ್ಬಿಸಿತು.

ರಚನೆ: ಅಡ್ಡದಂಡವೊಂದಕ್ಕೆ ಅಲ್ಯುಮಿನಿಯಂ ಕೊಳವೆಗಳನ್ನು ಸಮಾನಾಂತರವಾಗಿ ಜೋಡಿಸುವುದೇ ಇದರ ಕಟ್ಟಣೆ. ಮಡಿಸಿದ ಕೊಳವೆಯಾದ ಡೈಪೋಲು ತರಂಗವನ್ನು ಗ್ರಹಿಸುತ್ತದೆ. ಅದರ ಹಿಂದೆ ತುಸು ಉದ್ದವಾದ ಪ್ರತಿಫಲಕವೂ ಮುಂದೆ ತುಸು ಗಿಡ್ಡವಾದ ನಿರ್ದೇಶಕಗಳೂ ಇರುತ್ತವೆ. ಡೈಪೋಲಿನ ಉದ್ದವು ತರಂಗಾಂತರದ ಅರ್ಧಕ್ಕೆ ಸಮೀಪವಾಗಿರಬೇಕಾದುದರಿಂದ, 5ನೆಯ ಚಾನೆಲಿಗೆ ಅದು ಸುಮಾರು 80 ಸೆಂಟಿಮೀಟರ್ ಆದರೆ 4ನೆಯ ಚಾನೆಲಿಗೆ ಎರಡು ಮೀಟರಿಗೂ ಮಿಕ್ಕುತ್ತದೆ. ಯೂ-ಕ್ಲಾಂಪಿನಿಂದ ಇದನ್ನು ಜಿ.ಐ. ಪೈಪಿಗೆ ಬಿಗಿದು, ದಂಡಗಳು ನೆಲಕ್ಕೆ ಸಮತಲವಾಗಿರುವಂತೆ ನಿಲ್ಲಿಸಿ, 300 ಓಮಿನ ಚಪ್ಪಟೆ ವೈರನ್ನು ಗೋಡೆಗೂ ಲೋಹಕ್ಕೂ ತಾಗದಂತೆ ಕೆಳಗಿಳಿಸುತ್ತಿದ್ದರು. ಮಂಗಳೂರು ಹಂಚಿನ ಮಾಡು ಕಂಬದ ಭಾರವನ್ನು ತಾಳದಾದುದರಿಂದ, ಪೈಪನ್ನು ಗೋಡೆಗೆ ಬಿಗಿಯುವುದು, ಇಲ್ಲವೆ ಅಂಗಳದಲ್ಲಿ ನೆಟ್ಟು ಮೂರು ಕಡೆಗೆ ತಂತಿ ಎಳೆದು ಕಟ್ಟುವುದು ವಾಡಿಕೆಯಾಗಿತ್ತು.

ದಿಕ್ಕಿನ ಶೋಧ: ಒಬ್ಬನು ಮೇಲೇರಿ ಪೈಪನ್ನು ತಿರುಗಿಸುತ್ತಿರಲು, ಇನ್ನೊಬ್ಬನು ಟಿ.ವಿ.ಯ ಮುಂದೆ ಕುಳಿತು, "ಬಂತೇನು?" ಎಂದು ಮೇಲಿನವನು ಕೇಳಿದಾಗಲೆಲ್ಲ "ಇಲ್ಲ, ಇನ್ನೊಂಚೂರು ತಿರುವು", ಕಡೆಗೆ "ಬಂತು ಬಂತು, ಅಲ್ಲೇ ಇರ್ಲಿ!" ಎಂದು ಕಿಟಕಿಯಿಂದ ಕೂಗುವ ಕ್ರಮವು ಎಲ್ಲೆಡೆಯಂತೆ ಇಲ್ಲಿಯೂ ಇತ್ತು. ಹಳಿಯಾಳ ಮತ್ತು ಮುಂಡಗೋಡಗಳ ಪೂರ್ವಭಾಗವು ಧಾರವಾಡ ಸೀಮೆಯ ಬಯಲಿನೊಡನೆ ಬೆರೆಯುವುದರಿಂದ ತರಂಗಗಳಿಗೆ ಅಲ್ಲಿ ದಾರಿ ಬಹುಮಟ್ಟಿಗೆ ಮುಕ್ತವಾಗಿದೆ. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯೊಡನೆ ಬೆಳೆದ ದಾಂಡೇಲಿಯು ಕಾಳೀನದಿಯ ದಡದಲ್ಲಿದೆ; ಹಿಂದೆ ಸೂಪಾ ತಾಲ್ಲೂಕೆನಿಸಿದ್ದು, ಸೂಪಾ ಊರು ಜಲಾಶಯದಲ್ಲಿ ಮುಳುಗಡೆಯಾದ ತರುವಾಯ ಕೇಂದ್ರವನ್ನು ಬದಲಿಸಿಕೊಂಡ ಜೋಯಿಡಾವಂತೂ ಬೆಟ್ಟಗಳ ನಡುವಣ ಚದುರಿದ ಹಳ್ಳಿಗಳ ನಾಡು. ಇಂಥ ಕಣಿವೆಗಳಲ್ಲಿ ಗುಡ್ಡಕ್ಕೆ ತಾಗಿ ಹಿಂದಿರುಗಿದ ತರಂಗವು ನೇರ ತರಂಗದೊಡನೆ ಕೂಡಿದರೆ ಚಿತ್ರದ ಪಕ್ಕದಲ್ಲಿ ನೆರಳುಚಿತ್ರ ಮೂಡುತ್ತದೆ. ನೇರ ತರಂಗವು ಪೂರ್ಣ ಮರೆಯಾದೆಡೆಯಲ್ಲಿ ಪ್ರಸಾರ ಕೇಂದ್ರಕ್ಕೆ ಬೆನ್ನುಮಾಡಿ ಎದುರಿನ ಗುಡ್ಡದತ್ತ ಆಂಟೆನಾವನ್ನು ತಿರುಗಿಸಿದಾಗಲೇ ಚಿತ್ರ ಸ್ಪಷ್ಟವಾಗುವುದೂ ಉಂಟು. ಮಳೆಗಾಲ ಕಳೆದ ಮೇಲೆ ತುಕ್ಕು ಹಿಡಿದ ಕ್ಲಾಂಪನ್ನು ಬದಲಿಸಿ, ಗಾಳಿಗೋ ಮಂಗಗಳ ಜಿಗಿತಕ್ಕೋ ತಿರುಗಿಹೋದ ದಂಡಗಳನ್ನು ಸರಿಪಡಿಸಬೇಕಾಗುತ್ತಿತ್ತು.

ಅವಸಾನ: 1990ರ ದಶಕದ ಕೇಬಲ್ ಜಾಲವು ಪೇಟೆಯ ಮನೆಗಳನ್ನು ತಲಪಿತು, ಚದುರಿದ ಒಂಟಿಮನೆಗಳಿಗೆ ನೆರವಾದುದು 2004ರ ಡಿಸೆಂಬರಿನಲ್ಲಿ ದೂರದರ್ಶನವು ಆರಂಭಿಸಿದ ಉಚಿತ ಡಿಶ್ ಸೇವೆ. ಈಗ ಆ ಸೇವೆಯನ್ನು ಒದಗಿಸುವ ಉಪಗ್ರಹವು ಈ ಪ್ರದೇಶಕ್ಕೆ ಆಗ್ನೇಯ ದಿಕ್ಕಿನಲ್ಲಿ ಸುಮಾರು 60 ಅಂಶ ಎತ್ತರದಲ್ಲಿರುವುದರಿಂದ, ದಿಗಂತವನ್ನು ಮುಚ್ಚಿದ್ದ ಗುಡ್ಡವು ಡಿಶ್ಶಿನ ನೋಟಕ್ಕೆ ಪ್ರಾಯಶಃ ಅಡ್ಡಬರುವುದಿಲ್ಲ. 2022ರ ವೇಳೆಗೆ ಭೂಸ್ಥ ಅನಲಾಗ್ ಕೇಂದ್ರಗಳ ಬಹುಭಾಗವನ್ನು ಪ್ರಸಾರ ಭಾರತಿಯು ಮುಚ್ಚುವುದರೊಂದಿಗೆ ಹಳೆಯ ಆಂಟೆನಾ ನಿರುಪಯುಕ್ತವಾಯಿತು. ತುಕ್ಕು ಹಿಡಿದ ಕಂಬಗಳನ್ನು ವಿದ್ಯುತ್ ತಂತಿಗಳಿಗೆ ತಾಗದಂತೆ ಎಚ್ಚರದಿಂದ ಇಳಿಸುವುದು ಕ್ಷೇಮ. ಆದರೆ ಕಣ್ಣಿಗೆ ಕಾಣದ ತರಂಗದ ಉದ್ದವನ್ನು ಅಳತೆಗೋಲಿನಿಂದಲೇ ಮಕ್ಕಳಿಗೆ ತೋರಿಸಿಕೊಡಬಲ್ಲ ಈ ಸಾಧನವನ್ನು ಗುಜರಿಗೆ ಹಾಕದೆ, ಊರಿಗೊಂದಾದರೂ ಪ್ರೌಢಶಾಲೆಯ ವಿಜ್ಞಾನ ಕೊಠಡಿಯಲ್ಲಿ ಉಳಿಸಿಕೊಳ್ಳುವುದು ಯೋಗ್ಯ.